ಏರ್‌ಬ್ರಶ್‌ಗೆ ಎಷ್ಟು ಒತ್ತಡ, ಪೇಂಟ್ ಎಷ್ಟು ತೆಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್‌ಗಳಿಗೆ ಏರ್‌ಬ್ರಶ್‌ನಲ್ಲಿ ಬಣ್ಣ ಹೊಡೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬೇರೆ ಹೇಳದ ಕಡೆಯಲ್ಲೆಲ್ಲ 0.3 ಮಿ.ಮೀ. ನಾಝಲ್ ಇರುವ, ಮೇಲೆ ಕಪ್ ಇರುವ ಡಬಲ್ ಆ್ಯಕ್ಷನ್ ಬ್ರಶ್ (ಟ್ರಿಗರ್ ಒತ್ತಿದರೆ ಗಾಳಿ, ಹಿಂದೆ ಎಳೆದರೆ ಪೇಂಟ್ ಬರುವಂಥದ್ದು) ಎಂದುಕೊಳ್ಳಿ. ಅನುಪಾತದಲ್ಲಿ ಮೊದಲ ಅಂಕಿ ಪೇಂಟ್, ಎರಡನೆಯದು ಥಿನ್ನರ್. ಒತ್ತಡದ ಅಂಕಿಗಳು ಪಿಎಸ್‌ಐನಲ್ಲಿ (ಚದರ ಇಂಚಿಗೆ ಇಷ್ಟು ಪೌಂಡ್), ಗಾಳಿ ಹೊರಗೆ ಹೋಗುತ್ತಿರುವಾಗ ಗೇಜ್ ತೋರಿಸುವ ಅಂಕಿಗಳು.

## ಶುರು ಮಾಡುವವರಿಗೆ

ಸುತ್ತಿ ಬಳಸಿ ಬೇಡ, ಎಷ್ಟು ಪಿಎಸ್‌ಐ ಇಡಬೇಕು ಅಂತ ಒಂದೇ ಅಂಕಿ ಹೇಳಿ.

15. ಅಲ್ಲಿಂದ ಶುರು ಮಾಡಿ.

ಆದರೆ ಆ ಅಂಕಿಗೆ ಒಂಟಿಯಾಗಿ ಅರ್ಥವಿಲ್ಲ. ಪೇಂಟ್ ಎಷ್ಟು ತೆಳುವಾಗಿದೆ ಎನ್ನುವುದರ ಮೇಲೆ ಒತ್ತಡ ನಿಲ್ಲುತ್ತದೆ. ದಪ್ಪ ಪೇಂಟನ್ನು ನಾಝಲ್‌ನಿಂದ ಎಳೆದು ಸಣ್ಣ ಹನಿಗಳಾಗಿ ಒಡೆಯಲು ಗಾಳಿಗೆ ಹೆಚ್ಚು ಬಲ ಬೇಕು, ತೆಳು ಪೇಂಟಿಗೆ ಕಡಿಮೆ ಸಾಕು. ಹಾಗಾಗಿ ಮೊದಲು ಪೇಂಟಿನ ಹದ ಸರಿಮಾಡಿಕೊಂಡು, ಆ ಪೇಂಟ್ ನಯವಾಗಿ ಒಡೆಯುವ ಅತಿ ಕಡಿಮೆ ಒತ್ತಡ ಯಾವುದೋ ಅದನ್ನು ಇಟ್ಟುಕೊಳ್ಳಬೇಕು. ಪೇಂಟ್ ದಪ್ಪಗಿದ್ದಾಗ ಒತ್ತಡ ಹೊಂದಿಸುವ ರೆಗ್ಯುಲೇಟರ್ ತಿರುಗಿಸಿ 35ಕ್ಕೆ ಏರಿಸುವುದು ರೋಗ ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟಂತೆ.

ಸಾಮಾನ್ಯ ಕೆಲಸಕ್ಕೆ ಲ್ಯಾಕರ್ (ಕಟು ದ್ರಾವಕವಿರುವ, ಬೇಗ ಒಣಗುವ ಪೇಂಟ್) ಮತ್ತು ಆಲ್ಕೊಹಾಲ್ ಬೇಸಿನ ಅಕ್ರಿಲಿಕ್‌ಗಳಿಗೆ 12ರಿಂದ 18, ನೀರಿನ ಅಕ್ರಿಲಿಕ್‌ಗಳಿಗೆ 18ರಿಂದ 25 ಪಿಎಸ್‌ಐ ಬೇಕಾಗುತ್ತದೆ. ಸೂಕ್ಷ್ಮ ಗೆರೆಗಳಿಗೆ 8ರಿಂದ 12. ಬ್ರಶ್ ತೊಳೆಯುವಾಗ 25-30 ಇಟ್ಟರೂ ತೊಂದರೆಯಿಲ್ಲ.

ನನ್ನ ಗೇಜಲ್ಲಿ ಬಾರ್ ಮಾತ್ರ ಇದೆ. ಲೆಕ್ಕ ಹೇಗೆ?

1 ಬಾರ್ ಅಂದರೆ 14.5 ಪಿಎಸ್‌ಐ. 15 ಪಿಎಸ್‌ಐಗೆ 1 ಬಾರ್, 22ಕ್ಕೆ 1.5, 30ಕ್ಕೆ 2 ಎಂದು ನೆನಪಿಟ್ಟುಕೊಂಡರೆ ಕೆಲಸ ನಡೆಯುತ್ತದೆ. ಅಗ್ಗದ ಗೇಜ್‌ಗಳು 10 ಪಿಎಸ್‌ಐ ಕೆಳಗೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಇನ್ನೊಬ್ಬರ 10 ನಿಮ್ಮಲ್ಲಿ 13 ಆಗಿರಬಹುದು. ನಿಮ್ಮ ಗೇಜಿನ ಅಂಕಿ ನಿಮಗೆ ಗುರುತು, ಅಷ್ಟೇ.

20ಕ್ಕೆ ಇಟ್ಟಿರ್ತೀನಿ, ಟ್ರಿಗರ್ ಒತ್ತಿದ ತಕ್ಷಣ ಮುಳ್ಳು 15ಕ್ಕೆ ಇಳಿಯುತ್ತೆ. ಕಂಪ್ರೆಸರ್ ಹಾಳಾಗಿದೆಯಾ?

ಇಲ್ಲ. ಗಾಳಿ ನಿಂತಿರುವಾಗಿನ ಒತ್ತಡ ಒಂದು, ಹರಿಯುವಾಗಿನದು ಇನ್ನೊಂದು. ಹರಿಯುವಾಗ ಕೆಲವು ಪಿಎಸ್‌ಐ ಇಳಿಯುವುದು ಸಹಜ. ಹೋಸ್ ಉದ್ದವಿದ್ದಷ್ಟೂ, ಕ್ವಿಕ್ ಕಪ್ಲರ್‌ಗಳು ಹೆಚ್ಚಿದ್ದಷ್ಟೂ, ನಾಝಲ್ ದೊಡ್ಡದಿದ್ದಷ್ಟೂ ಇಳಿತ ಜಾಸ್ತಿ. ಕಪ್ ಖಾಲಿ ಇರುವಾಗ ಟ್ರಿಗರನ್ನು ಪೂರ್ತಿ ಒತ್ತಿ ಹಿಡಿದು, ಗಾಳಿ ಹೋಗುತ್ತಿರುವಾಗಲೇ ರೆಗ್ಯುಲೇಟರ್ ತಿರುಗಿಸಿ ಬೇಕಾದ ಅಂಕಿಗೆ ತನ್ನಿ.

ಒತ್ತಿ ಹಿಡಿದಾಗ ಮುಳ್ಳು ಒಂದೇ ಕಡೆ ನಿಲ್ಲದೆ ನಿಧಾನಕ್ಕೆ ಇಳಿಯುತ್ತಲೇ ಹೋದರೆ ಆಗ ಅನುಮಾನಪಡಿ. ಎಲ್ಲೋ ಸೋರುತ್ತಿದೆ, ಇಲ್ಲವೇ ಕಂಪ್ರೆಸರ್ ಕೊಡುವ ಗಾಳಿ ಆ ನಾಝಲ್‌ಗೆ ಸಾಲುತ್ತಿಲ್ಲ. ಜಾಯಿಂಟುಗಳಿಗೆ ಸೋಪು ನೀರು ಹಚ್ಚಿದರೆ ಗುಳ್ಳೆ ಬಂದ ಜಾಗವೇ ಸೋರುವ ಜಾಗ. ಅಲ್ಲಿ ಟೆಫ್ಲಾನ್ ಟೇಪ್ ಸುತ್ತಿ ಬಿಗಿಮಾಡಿ.

ಬಾಟಲಿಯಿಂದ ನೇರವಾಗಿ ಕಪ್ಪಿಗೆ ಹಾಕಿ ಹೊಡೆಯೋಕೆ ಆಗಲ್ವಾ?

ಏರ್‌ಬ್ರಶ್‌ಗೆಂದೇ ತೆಳು ಮಾಡಿ ಮಾರುವ ಪೇಂಟ್‌ಗಳಿವೆ. ಆಲ್‌ಕ್ಲ್ಯಾಡ್ ಲೋಹದ ಬಣ್ಣಗಳು ಹಾಗೇ ಹೊಡೆಯುವಂಥವು. ಉಳಿದದ್ದೆಲ್ಲ ಕೈ ಬ್ರಶ್‌ಗೆ ಹೊಂದುವ ದಪ್ಪದಲ್ಲಿ ಬರುತ್ತದೆ. ಹಾಗೇ ಹಾಕಿದರೆ ಮೊದಲು ಏನೂ ಬರುವುದಿಲ್ಲ, ಆಮೇಲೆ ದಪ್ಪ ಚುಕ್ಕೆಗಳು ಹಾರುತ್ತವೆ, ಕೊನೆಗೆ ನಾಝಲ್ ಕಟ್ಟಿಕೊಳ್ಳುತ್ತದೆ.

“ಹಾಲಿನ ಹದ” ಅಂತಾರೆ. ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?

ಪಾರದರ್ಶಕ ಅಥವಾ ಬಿಳಿ ಕಪ್‌ನಲ್ಲಿ ಪೇಂಟ್ ಕಲಸಿ, ಕಲಕುವ ಕಡ್ಡಿಯಿಂದ ಒಂದಿಷ್ಟನ್ನು ಕಪ್ಪಿನ ಗೋಡೆಗೆ ಮೇಲೆಳೆದು ಬಿಡಿ. ಪೇಂಟ್ ಕೆಳಗಿಳಿಯುವುದನ್ನು ಗಮನಿಸಿ.

ಅಂಟಿಕೊಂಡು ನಿಂತು, ಗಟ್ಟಿ ಬಣ್ಣದ ಪಟ್ಟೆಯಾಗಿ ಉಳಿದರೆ ಇನ್ನೂ ದಪ್ಪ. ಸರ್ರನೆ ಇಳಿದು ಗೋಡೆಯ ಮೇಲೆ ಬರೀ ಬಣ್ಣದ ನೀರಿನ ಕಲೆ ಬಿಟ್ಟರೆ ತೀರಾ ತೆಳು. ಒಂದೆರಡು ಸೆಕೆಂಡಿನಲ್ಲಿ ಇಳಿದು, ಹಿಂದೆ ಅರೆಪಾರದರ್ಶಕವಾದ ಸಮನಾದ ಪದರ ಬಿಟ್ಟು, ಆ ಪದರದ ಮೂಲಕ ಕಪ್ಪಿನ ಗೋಡೆ ಮಸುಕಾಗಿ ಕಂಡರೆ ಅದೇ ಹದ.

ಒಂದು ಎಚ್ಚರಿಕೆ. ಅನುಪಾತ ಕೇಳುವವರಲ್ಲಿ ಬಹಳ ಜನ ಬಾಟಲಿಯನ್ನು ಕಲಕಿರುವುದೇ ಇಲ್ಲ. ಬಣ್ಣದ ಪುಡಿ ತಳದಲ್ಲಿ ಕೂತಿರುತ್ತದೆ, ಮೇಲಿನ ತಿಳಿಯನ್ನು ಹೀರಿ ಅದಕ್ಕೆ ಮತ್ತೆ ಥಿನ್ನರ್ ಹಾಕುತ್ತಾರೆ. ಕಡ್ಡಿ ಹಾಕಿ ತಳ ಮುಟ್ಟಿಸಿ, ಕಡ್ಡಿಗೆ ಗಟ್ಟಿ ಮುದ್ದೆ ಅಂಟದವರೆಗೂ ಕಲಕಿ. ಅದಾದ ಮೇಲೆಯೇ ಅನುಪಾತದ ಮಾತು.

ನೀರಿನ ಪೇಂಟ್ ಹೊಡೀತೀನಿ, ವಾಸನೆಯೇ ಇಲ್ಲ. ಮಾಸ್ಕ್ ಬೇಕಾ?

ಬೇಕು. ವಾಸನೆ ಇಲ್ಲದಿದ್ದರೂ ಗಾಳಿಯಲ್ಲಿ ತೇಲುವ ಬಣ್ಣದ ಕಣ ಶ್ವಾಸಕೋಶಕ್ಕೆ ಹೋಗುತ್ತದೆ, ಅದಕ್ಕೆ ಕಣ ತಡೆಯುವ ಎನ್95 ಮಾಸ್ಕ್ ಸಾಕು. ಲ್ಯಾಕರ್, ಎನಾಮೆಲ್, ಆಲ್ಕೊಹಾಲ್ ಬಳಸುವಾಗ ಅದು ಸಾಲದು. ಆವಿ ಹಿಡಿಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಹಾಕಿ, ಗಾಳಿಯನ್ನು ಹೊರಗೆ ಕಳಿಸುವ ಸ್ಪ್ರೇ ಬೂತ್ ಇಡಿ. ಮಾಸ್ಕ್ ಹಾಕಿದ್ದರೂ ವಾಸನೆ ಬರತೊಡಗಿದರೆ ಕಾರ್ಟ್ರಿಜ್ ಮುಗಿದಿದೆ, ಅಥವಾ ಮಾಸ್ಕ್ ಮುಖಕ್ಕೆ ಕೂತಿಲ್ಲ. ಈ ಆವಿಗಳು ಹೊತ್ತಿಕೊಳ್ಳುವಂಥವು, ಹತ್ತಿರ ಬೆಂಕಿ, ಹೀಟರ್ ಇರಬಾರದು.

## ಯಾವ ಪೇಂಟಿಗೆ ಯಾವ ಥಿನ್ನರ್, ಎಷ್ಟು

ಟಮಿಯಾ ಎಕ್ಸ್, ಎಕ್ಸ್‌ಎಫ್ ಬಾಟಲಿಗಳಿಗೆ ಏನು ಹಾಕಲಿ?

ಅವು ಅಕ್ರಿಲಿಕ್ ಆದರೂ ಅದರ ದ್ರಾವಕದಲ್ಲಿ ಆಲ್ಕೊಹಾಲ್ ಇದೆ. ನೀರಿನಲ್ಲಿ ಕರಗುತ್ತದೆ ನಿಜ, ಆದರೆ ನೀರು ಹಾಕಿ ಹೊಡೆದರೆ ಪ್ಲಾಸ್ಟಿಕ್ ಮೇಲೆ ಹನಿಹನಿಯಾಗಿ ಒಟ್ಟುಗೂಡುತ್ತದೆ. ಕಂಪನಿಯದೇ ಎಕ್ಸ್-20ಎ ಹಾಕಿದರೆ 1:1ರಿಂದ ಶುರು. ಎಕ್ಸ್‌ಎಫ್ ಮ್ಯಾಟ್ ಬಣ್ಣಗಳು ಸ್ವಲ್ಪ ದಪ್ಪ, 1:1.5 ಕೇಳುತ್ತವೆ. ಒತ್ತಡ 15-18.

ಇನ್ನೂ ಚೆನ್ನಾಗಿ ಕೂರಬೇಕೆಂದರೆ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಹಾಕಿ, 1:1.5ರಿಂದ 1:2. ಲ್ಯಾಕರ್ ಥಿನ್ನರ್ ಆದರೂ ಈ ಪೇಂಟಿನ ಜೊತೆ ಹೊಂದುತ್ತದೆ. ಅದರಲ್ಲಿ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಇರುವುದರಿಂದ ಪೇಂಟ್ ಬಿದ್ದ ಮೇಲೂ ಸ್ವಲ್ಪ ಹೊತ್ತು ಹರಡಿ ಸಮನಾಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ. ವಾಸನೆ ಮತ್ತು ಮಾಸ್ಕ್ ಅದಕ್ಕೆ ತೆರುವ ಬೆಲೆ. ತೆರಬಹುದಾದ ಬೆಲೆಯೇ.

ವಲ್ಲೆಹೊ ಥರದ ನೀರಿನ ಪೇಂಟ್ ನನಗೆ ಯಾವಾಗಲೂ ಕೈಕೊಡುತ್ತೆ. ಎಷ್ಟು ತೆಳು ಮಾಡಬೇಕು?

ಕೈ ಬ್ರಶ್‌ಗೆ ಬರುವ ಮಾಡೆಲ್ ಕಲರ್ ಆದರೆ 1:1, ಅದೂ ಆ ಕಂಪನಿಯ ಏರ್‌ಬ್ರಶ್ ಥಿನ್ನರ್‌ನಲ್ಲೇ. ಬರೀ ನೀರು ಹಾಕಿದರೆ ಬಣ್ಣವನ್ನು ಹಿಡಿದಿಡುವ ಅಂಶ ತೆಳುವಾಗಿ, ಮಾಸ್ಕಿಂಗ್ ಟೇಪ್ ಕೀಳುವಾಗ ಪೇಂಟೂ ಜೊತೆಗೆ ಬರುತ್ತದೆ. ಏರ್‌ಬ್ರಶ್‌ಗೇ ಮಾಡಿದ ಮಾಡೆಲ್ ಏರ್ ಬಾಟಲಿಯ ಮೇಲೆ ಏನೇ ಬರೆದಿದ್ದರೂ 0.3 ನಾಝಲ್‌ಗೆ 10 ಹನಿ ಪೇಂಟಿಗೆ 2-3 ಹನಿ ಥಿನ್ನರ್, 1 ಹನಿ ಫ್ಲೋ ಇಂಪ್ರೂವರ್ (ಪೇಂಟ್ ಸರಾಗವಾಗಿ ಹರಿಯಲು ಹಾಕುವ ದ್ರವ) ಸೇರಿಸಿದರೆ ಹೊಡೆಯುವುದು ಸಲೀಸು.

ಒತ್ತಡ 18-25. ಲ್ಯಾಕರ್‌ಗೆ ಹೋಲಿಸಿದರೆ ಇದು ಜಾಸ್ತಿ, ಏಕೆಂದರೆ ಈ ಪೇಂಟ್ ಸಣ್ಣ ಹನಿಗಳಾಗಿ ಒಡೆಯಲು ಒಪ್ಪುವುದಿಲ್ಲ. ಒಂದೇ ಸಲ ಬಣ್ಣ ತುಂಬಲು ಹೋಗಬೇಡಿ. ಮೊದಲ ಪದರ ಮಂಜಿನಷ್ಟು ತೆಳುವಾಗಿರಲಿ, ಕೆಳಗಿನ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ) ಕಾಣುತ್ತಿದ್ದರೂ ಚಿಂತೆಯಿಲ್ಲ. ಹೊಳಪು ಹೋಗುವವರೆಗೂ ಕಾದು ಮುಂದಿನದು. ಮೂರ್ನಾಲ್ಕು ಪದರದಲ್ಲಿ ಮುಚ್ಚಿಕೊಳ್ಳುತ್ತದೆ. ಪ್ರೈಮರ್ ಇಲ್ಲದೆ ಬರೀ ಪ್ಲಾಸ್ಟಿಕ್ ಮೇಲೆ ಇವನ್ನು ಹೊಡೆಯುವುದೇ ವ್ಯರ್ಥ.

ಐಸೊಪ್ರೊಪೈಲ್ ಆಲ್ಕೊಹಾಲ್ ಕ್ಯಾನ್ ಇದೆ. ಎಲ್ಲಕ್ಕೂ ಅದನ್ನೇ ಹಾಕಬಹುದಾ?

ಟಮಿಯಾ ಎಕ್ಸ್, ಎಕ್ಸ್‌ಎಫ್‌ಗೆ ಹಾಕಬಹುದು. ಬೇಗ ಒಣಗುತ್ತದೆ, ಮೈ ಸ್ವಲ್ಪ ಒರಟಾಗುತ್ತದೆ. ವಲ್ಲೆಹೊಗೆ ಮಾತ್ರ ಬೇಡ. ಕಪ್ಪಿನಲ್ಲೇ ಪೇಂಟ್ ಒಡೆದು ರಬ್ಬರಿನಂಥ ಗಂಟುಗಳಾಗಿ ನಾಝಲ್ ಒಳಗೆ ಕೂತುಬಿಡುತ್ತದೆ. ಅದೇ ಕಾರಣಕ್ಕೆ, ಆಲ್ಕೊಹಾಲ್‌ನಲ್ಲಿ ತೊಳೆದ ಬ್ರಶ್‌ಗೆ ನೀರಿನ ಪೇಂಟ್ ಹಾಕುವ ಮುಂಚೆ ಒಮ್ಮೆ ನೀರು ಹಾಯಿಸಿ. ಹೊಸ ಜೋಡಿ ಯಾವುದೇ ಇರಲಿ, ಒಂದು ಹನಿ ಪೇಂಟ್, ಎರಡು ಹನಿ ಥಿನ್ನರ್ ಪ್ಲಾಸ್ಟಿಕ್ ತುಂಡಿನ ಮೇಲೆ ಕಲಸಿ ಐದು ನಿಮಿಷ ಬಿಟ್ಟು ನೋಡಿದರೆ ಬ್ರಶ್ ಬಿಚ್ಚುವ ಕೆಲಸ ತಪ್ಪುತ್ತದೆ.

ಮಿಸ್ಟರ್ ಕಲರ್, ಟಮಿಯಾ ಎಲ್‌ಪಿ ತರಹದ ಲ್ಯಾಕರ್‌ಗಳಿಗೆ?

1:1.5ರಿಂದ 1:2, ಒತ್ತಡ 12-15. ಅವರವರ ಲ್ಯಾಕರ್ ಥಿನ್ನರ್ ಸಾಕು, ಲೆವೆಲಿಂಗ್ ಥಿನ್ನರ್ ಇನ್ನೂ ಒಳ್ಳೆಯದು. ಏರ್‌ಬ್ರಶ್‌ನಲ್ಲಿ ಇಷ್ಟು ಕ್ಷಮಿಸುವ ಪೇಂಟ್ ಬೇರೆ ಇಲ್ಲ. ಹದ ಸ್ವಲ್ಪ ಹೆಚ್ಚುಕಡಿಮೆಯಾದರೂ ನಾಝಲ್ ಒಳಗಿನ ಸೂಜಿಯ ತುದಿಯಲ್ಲಿ ಕಟ್ಟಿಕೊಳ್ಳುವುದಿಲ್ಲ, ಕೆಲವೇ ನಿಮಿಷದಲ್ಲಿ ಮುಟ್ಟಬಹುದು. ಗಾಳಿ ಆಡುವ ವ್ಯವಸ್ಥೆ ಇದ್ದರೆ ಕಲಿಯುವವರು ಇದರಲ್ಲೇ ಕಲಿಯುವುದು ಸುಲಭ.

ಹಾರ್ಡ್‌ವೇರ್ ಅಂಗಡಿಯ ಲ್ಯಾಕರ್ ಥಿನ್ನರ್ ಡಬ್ಬ ಅಗ್ಗ. ಅದೂ ಅದೇ ತಾನೇ?

ಬ್ರಶ್ ತೊಳೆಯಲು ತನ್ನಿ, ಪೇಂಟಿಗೆ ಹಾಕಬೇಡಿ. ಡಬ್ಬದಿಂದ ಡಬ್ಬಕ್ಕೆ ಅದರೊಳಗಿನ ದ್ರಾವಕಗಳ ಮಿಶ್ರಣ ಬದಲಾಗುತ್ತದೆ. ಕೆಲವು ಎಷ್ಟು ಕಟುವೆಂದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಮೈಯನ್ನೇ ಕರಗಿಸಿ ಪ್ಯಾನೆಲ್ ಗೆರೆಗಳನ್ನು ಮೊಂಡು ಮಾಡುತ್ತವೆ.

ಹಂಬ್ರೋಲ್ ಎನಾಮೆಲ್ ಡಬ್ಬಿಗಳು ಉಳಿದಿವೆ. ಏರ್‌ಬ್ರಶ್‌ಗೆ ಆಗುತ್ತಾ?

ಆಗುತ್ತದೆ. ಎನಾಮೆಲ್ ಥಿನ್ನರ್ ಅಥವಾ ವೈಟ್ ಸ್ಪಿರಿಟ್‌ನಲ್ಲಿ 2:1ರಿಂದ 1:1, ಒತ್ತಡ 18-20. ಪೂರ್ತಿ ಗಟ್ಟಿಯಾಗಲು ಒಂದು ದಿನ, ಹೊಳಪಿನ ಬಣ್ಣಕ್ಕೆ ಅದಕ್ಕೂ ಹೆಚ್ಚು. ಎನಾಮೆಲ್ ಮೇಲೆ ಲ್ಯಾಕರ್ ಹೊಡೆಯಬೇಡಿ, ಕೆಳಗಿನ ಪದರ ಸುಕ್ಕಾಗುತ್ತದೆ. ಲ್ಯಾಕರ್ ಮೇಲೆ ಎನಾಮೆಲ್ ಆಗಬಹುದು.

ಪ್ರೈಮರ್‌ಗೂ ಇದೇ ಲೆಕ್ಕಾನಾ?

ಬಾಟಲಿಯಲ್ಲಿ ಬರುವ ಮಿಸ್ಟರ್ ಸರ್ಫೇಸರ್ ತುಂಬಾ ದಪ್ಪ. 1000, 1200, 1500 ಯಾವುದಾದರೂ ಲೆವೆಲಿಂಗ್ ಥಿನ್ನರ್‌ನಲ್ಲಿ 1:1.5ರಿಂದ 1:2, ಒತ್ತಡ 18-20. ಅಂಕಿ ಹೆಚ್ಚಿದಷ್ಟೂ ಪುಡಿ ನುಣುಪು. ಗೀರು ತುಂಬಬೇಕಾದರೆ 1000, ಲೋಹದ ಬಣ್ಣದ ಕೆಳಗೆ 1500.

ನೀರಿನ ಪಾಲಿಯುರೆಥೇನ್ ಪ್ರೈಮರ್‌ಗಳ ದಾರಿಯೇ ಬೇರೆ. ಅವನ್ನು ಹಾಗೇ ಅಥವಾ ಹತ್ತಕ್ಕೆ ಒಂದೆರಡು ಹನಿ ಥಿನ್ನರ್ ಹಾಕಿ, 0.4 ಮಿ.ಮೀ. ನಾಝಲ್, 20-25 ಪಿಎಸ್‌ಐನಲ್ಲಿ ಹೊಡೆಯಬೇಕು. 24 ಗಂಟೆ ಕಳೆಯುವ ಮುಂಚೆ ಸ್ಯಾಂಡ್‌ಪೇಪರ್ ತಗುಲಿಸಿದರೆ ಪದರ ಉದುರದೆ ಸಿಪ್ಪೆಯಾಗಿ ಸುಲಿದು ಬರುತ್ತದೆ.

## ಎಡವಟ್ಟಾದಾಗ

ಪೇಂಟ್ ಬಿದ್ದ ಕಡೆಯಿಂದ ಜೇಡನ ಕಾಲಿನ ಹಾಗೆ ಸುತ್ತ ಹರಡುತ್ತೆ. ಯಾಕೆ?

ಒಣಗುವ ಮುಂಚೆಯೇ ಗಾಳಿ ಪೇಂಟನ್ನು ಪಕ್ಕಕ್ಕೆ ತಳ್ಳುತ್ತಿದೆ. ಪೇಂಟ್ ತೆಳು ಇದ್ದು ಒತ್ತಡ ಜಾಸ್ತಿ ಆಗಿದ್ದರೆ, ಬ್ರಶ್ ತೀರಾ ಹತ್ತಿರ ಇದ್ದರೆ, ಅಥವಾ ಟ್ರಿಗರ್ ಅಗತ್ಯಕ್ಕಿಂತ ಹಿಂದೆ ಎಳೆದಿದ್ದರೆ ಹೀಗೆ. ಮೊದಲು ಟ್ರಿಗರ್ ನೋಡಿಕೊಳ್ಳಿ, ಬಹಳ ಸಲ ತಪ್ಪು ಅಲ್ಲೇ. ಆಮೇಲೆ ಒತ್ತಡವನ್ನು 2-3 ಪಿಎಸ್‌ಐನಂತೆ ಇಳಿಸಿ. ಪೇಂಟನ್ನು ದಪ್ಪ ಮಾಡುವುದು ಕೊನೆಯ ದಾರಿ.

ಪೇಪರ್ ಮೇಲೆ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿದ್ದು ಮಾಡೆಲ್ ಮೇಲೆ ಮಾತ್ರ ಹರಡುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಪೇಪರ್ ಪೇಂಟನ್ನು ಹೀರಿಕೊಂಡು ಈ ತಪ್ಪನ್ನು ಮುಚ್ಚಿಡುತ್ತದೆ. ಪ್ರೈಮರ್ ಹೊಡೆದ ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷಿಸಿ, ಅದರ ಉಬ್ಬು ವಿಮಾನದ ಮೂತಿಯ ಉಬ್ಬಿಗೂ ಹತ್ತಿರ.

ಒಣಗಿದ ಮೇಲೆ ಮುಟ್ಟಿದರೆ ಸ್ಯಾಂಡ್‌ಪೇಪರ್ ಹಾಗೆ ತರಿತರಿ.

ಹನಿಗಳು ದಾರಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬೀಳುತ್ತಿವೆ. ದೂರ ಹೆಚ್ಚು, ಒತ್ತಡ ಹೆಚ್ಚು, ಥಿನ್ನರ್ ಬೇಗ ಆರುವಂಥದ್ದು, ಕೋಣೆ ಬಿಸಿ: ಇವುಗಳಲ್ಲಿ ಒಂದೋ ಎರಡೋ ಸೇರಿರುತ್ತವೆ. ಬ್ರಶ್ಶನ್ನು 15 ಸೆಂ.ಮೀ.ನಿಂದ 6-8ಕ್ಕೆ ತನ್ನಿ, ಒತ್ತಡ 5 ಪಿಎಸ್‌ಐ ಇಳಿಸಿ. ಆಗಲೂ ಹೋಗದಿದ್ದರೆ ಥಿನ್ನರ್‌ಗೆ ಶೇಕಡ 5ರಷ್ಟು ರಿಟಾರ್ಡರ್ ಸೇರಿಸಿ. ಪೇಂಟ್ ಬಿದ್ದ ಕ್ಷಣದಲ್ಲಿ ಮೈ ಒದ್ದೆಯಾಗಿ ಮಿನುಗಿ, ಕೆಲವು ಸೆಕೆಂಡಿನಲ್ಲಿ ಆ ಮಿನುಗು ಆರಬೇಕು. ಮಿನುಗೇ ಇಲ್ಲದಿದ್ದರೆ ಒಣ ಪುಡಿ ಹೊಡೆಯುತ್ತಿದ್ದೀರಿ ಎಂದರ್ಥ. ಈಗಾಗಲೇ ಆದ ತರಿಯನ್ನು 2000 ಗ್ರಿಟ್‌ನಲ್ಲಿ ಲಘುವಾಗಿ ಉಜ್ಜಿ ಮತ್ತೊಂದು ಪದರ ಕೊಡಿ.

ಹೊಳಪಿನ ಬಣ್ಣದಲ್ಲಿ ಆರೆಂಜ್ ಪೀಲ್ (ಕಿತ್ತಳೆ ಸಿಪ್ಪೆಯಂಥ ಮೈ) ಬರುತ್ತೆ.

ಮೇಲಿನ ತರಿಗಿಂತ ಇದು ಬೇರೆ. ಇಲ್ಲಿ ಪೇಂಟ್ ಒದ್ದೆಯಾಗಿಯೇ ಬೀಳುತ್ತದೆ, ಆದರೆ ದಪ್ಪ ಹನಿಗಳು ಸಮನಾಗಿ ಹರಡುವ ಮುಂಚೆ ಗಟ್ಟಿಯಾಗುತ್ತವೆ. ಇನ್ನಷ್ಟು ಥಿನ್ನರ್, ಅದರಲ್ಲೂ ನಿಧಾನಕ್ಕೆ ಆರುವ ಥಿನ್ನರ್ ಹಾಕಿ. ಪೇಂಟ್ ದಪ್ಪವಿದ್ದು ಒತ್ತಡ ಕಡಿಮೆಯಿದ್ದಾಗಲೂ ಹನಿ ಚೆನ್ನಾಗಿ ಒಡೆಯದೆ ಇದೇ ಕಥೆ.

ಗೆರೆ ಶುರುವಾಗೋ ಕಡೆ ದಪ್ಪ ಚುಕ್ಕೆ ಬೀಳುತ್ತೆ.

ಟ್ರಿಗರ್‌ನ ಕ್ರಮ ತಪ್ಪಿದೆ. ಮೊದಲು ಗಾಳಿ ಮಾತ್ರ ಬಿಟ್ಟು ಕೈ ಚಲಿಸಲು ಶುರು ಮಾಡಿ, ಆಮೇಲೆ ಹಿಂದಕ್ಕೆ ಎಳೆದು ಪೇಂಟ್ ಬಿಡಿ. ನಿಲ್ಲಿಸುವಾಗ ಪೇಂಟ್ ಮೊದಲು ಮುಚ್ಚಿ, ಗಾಳಿ ಆಮೇಲೆ. ಟ್ರಿಗರನ್ನು ಫಟ್ಟನೆ ಬಿಟ್ಟರೆ ಸೂಜಿ ತುದಿಯಲ್ಲಿ ಉಳಿದ ಹನಿ ಮುಂದಿನ ಗೆರೆಯ ತಲೆಯಲ್ಲಿ ಬೀಳುತ್ತದೆ. ಗೆರೆಯ ಉದ್ದಕ್ಕೂ ಚುಕ್ಕೆ ಬಿದ್ದರೆ ಮಾತ್ರ ಪೇಂಟ್ ದಪ್ಪ, ಅಥವಾ ಸೂಜಿಯ ತುದಿ ಬಾಗಿದೆ. ಸೂಜಿಯನ್ನು ಹೊರತೆಗೆದು ಬೆರಳ ಉಗುರಿನ ಮೇಲೆ ನಿಧಾನಕ್ಕೆ ಎಳೆದು ತಿರುಗಿಸಿದರೆ ಕೊಕ್ಕೆ ತಾಗುವುದು ಗೊತ್ತಾಗುತ್ತದೆ.

ಹತ್ತು ನಿಮಿಷ ಹೊಡೆದ ಮೇಲೆ ಪೇಂಟ್ ಬರೋದು ನಿಂತೇ ಹೋಗುತ್ತೆ. ಒತ್ತಡ ಏರಿಸಿದರೆ ಮತ್ತೆ ಬರುತ್ತೆ.

ನೀರಿನ ಅಕ್ರಿಲಿಕ್‌ನ ಹಳೇ ರೋಗ: ಸೂಜಿ ತುದಿಯಲ್ಲಿ ಪೇಂಟ್ ಒಣಗಿ ಕಟ್ಟಿಕೊಳ್ಳುವುದು. ಒತ್ತಡ ಏರಿಸಿದರೆ ಆ ಗಂಟನ್ನು ಒಮ್ಮೆ ಊದಿ ಹಾಕುತ್ತದೆ, ಆದರೆ ಗಾಳಿಯ ವೇಗ ಹೆಚ್ಚಿ ಇನ್ನೂ ಬೇಗ ಒಣಗಿಸುತ್ತದೆ, ಕಿತ್ತು ಬಂದ ಗಂಟು ಮಾಡೆಲ್ ಮೇಲೇ ಕೂರುತ್ತದೆ. ಪಕ್ಕದಲ್ಲಿ ಕ್ಲೀನರ್‌ನಲ್ಲಿ ಅದ್ದಿದ ಮೃದು ಬ್ರಶ್ ಇಟ್ಟುಕೊಳ್ಳಿ. ಎರಡು ಮೂರು ನಿಮಿಷಕ್ಕೊಮ್ಮೆ ಮಾಡೆಲ್‌ನಿಂದ ಪಕ್ಕಕ್ಕೆ ತಿರುಗಿ, ಸೂಜಿ ತುದಿಯನ್ನು ಹಿಂದಿನಿಂದ ಮುಂದಕ್ಕೆ ಒರೆಸಿ, ಪೇಪರ್ ಮೇಲೆ ಒಮ್ಮೆ ಹೊಡೆದು ಮುಂದುವರಿಸಿ. ಫ್ಲೋ ಇಂಪ್ರೂವರ್ ಇದನ್ನು ತಡಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ.

ಕಪ್ಪಲ್ಲಿ ಗುಳ್ಳೆ ಏಳುತ್ತೆ. ಒತ್ತಡ ಜಾಸ್ತಿಯಾಯ್ತಾ?

ಒತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಗಾಳಿ ನಾಝಲ್‌ನ ಹೊರಗಿನಿಂದ ಹೋಗುವ ಬದಲು ಪೇಂಟಿನ ದಾರಿಗೆ ನುಗ್ಗುತ್ತಿದೆ. ನಾಝಲ್ ಸಡಿಲವಾಗಿರಬಹುದು, ಕೂರುವ ಜಾಗದಲ್ಲಿ ಒಣಗಿದ ಪೇಂಟ್ ಇರಬಹುದು, ನಾಝಲ್ ತುದಿ ಸೀಳಿರಬಹುದು, ಮುಂದಿನ ಏರ್ ಕ್ಯಾಪ್ ಕಟ್ಟಿಕೊಂಡಿರಬಹುದು. ನೋಡುವ ಕ್ರಮವೂ ಇದೇ ಇರಲಿ. ಸ್ಕ್ರೂ ನಾಝಲನ್ನು ಬೆರಳಲ್ಲಿ ತಿರುಗಿಸಿ, ಕೊನೆಗೆ ಪುಟ್ಟ ಸ್ಪ್ಯಾನರ್‌ನಲ್ಲಿ ಒಂದು ಸಣ್ಣ ತಿರುವು ಅಷ್ಟೇ. ಬಲ ಹಾಕಿದರೆ ನಾಝಲ್‌ನ ತಿರುಪಿನ ಭಾಗವೇ ತುಂಡಾಗಿ ಬ್ರಶ್ ಒಳಗೆ ಉಳಿಯುತ್ತದೆ.

ಮಳೆಗಾಲದಲ್ಲಿ ಹೊಡೆದ ಲ್ಯಾಕರ್ ಬೆಳ್ಳಗೆ ಮಂಕಾಯ್ತು. ಒಂದೊಂದು ಸಲ ನೀರಿನ ಹನಿಯೂ ಬರುತ್ತೆ.

ಎರಡು ಬೇರೆ ಬೇರೆ ಸಮಸ್ಯೆ. ಬಿಳಿ ಮಂಕು: ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ, ಗಾಳಿಯಲ್ಲಿನ ತೇವ ಅದರ ಮೇಲೆ ಇಳಿದು ಪೇಂಟಿನೊಳಗೆ ಸಿಕ್ಕಿಕೊಳ್ಳುತ್ತದೆ. ನಿಧಾನಕ್ಕೆ ಆರುವ ಥಿನ್ನರ್ ಇಲ್ಲವೇ ಶೇಕಡ 5-10 ರಿಟಾರ್ಡರ್ ಬಳಸಿ, ತೆಳು ಪದರ ಕೊಡಿ. ಆಗಿಹೋದದ್ದರ ಮೇಲೆ, ತೇವ ಕಡಿಮೆಯಾದಾಗ ಬರೀ ಲೆವೆಲಿಂಗ್ ಥಿನ್ನರನ್ನು 10-12 ಪಿಎಸ್‌ಐನಲ್ಲಿ ಮಂಜಿನಂತೆ ಹಾಯಿಸಿದರೆ ಬಹುಮಟ್ಟಿಗೆ ಹೋಗುತ್ತದೆ.

ನೀರಿನ ಹನಿ ಬರುವುದು ಕಂಪ್ರೆಸರ್‌ನಿಂದ. ಒತ್ತಿದಾಗ ಬಿಸಿಯಾದ ಗಾಳಿ ಹೋಸ್‌ನಲ್ಲಿ ತಣ್ಣಗಾಗಿ ನೀರು ಬಿಡುತ್ತದೆ. ಕಂಪ್ರೆಸರ್‌ಗೆ ಅಂಟಿಕೊಂಡ, ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ದಾಟಿದ ಮೇಲೂ ಇದು ನಡೆಯುವುದರಿಂದ ಬ್ರಶ್ ಹಿಡಿಯ ಬಳಿ ಇನ್ನೊಂದು ಚಿಕ್ಕ ಟ್ರ್ಯಾಪ್ ಹಾಕಿ. ಟ್ಯಾಂಕ್ ಇದ್ದರೆ ಕೆಲಸ ಮುಗಿದ ಮೇಲೆ ತಳದ ವಾಲ್ವ್ ತೆಗೆದು ನೀರು ಬಿಡಿ.

## ಕೈ ಪಳಗಿದವರಿಗೆ

ಹೊಸ ಪೇಂಟ್, ಅನುಪಾತ ಎಲ್ಲೂ ಬರೆದಿಲ್ಲ. ಸೆಟ್ ಮಾಡಿಕೊಳ್ಳೋ ಕ್ರಮ ಹೇಳಿ.

ಬೇರೆ ಕಪ್ಪಿನಲ್ಲಿ 10 ಹನಿ ಪೇಂಟ್, 10 ಹನಿ ಥಿನ್ನರ್ ಕಲಸಿ. ಬ್ರಶ್‌ನ ಕಪ್ಪಿಗೆ ಮೊದಲು 2 ಹನಿ ಬರೀ ಥಿನ್ನರ್ ಬಿಟ್ಟು ನಾಝಲ್ ಒದ್ದೆ ಮಾಡಿಕೊಂಡು ಆಮೇಲೆ ಪೇಂಟ್ ಹಾಕಿ. ಒತ್ತಡ 15. ಚಮಚದ ಮೇಲೆ 5 ಸೆಂ.ಮೀ. ದೂರದಿಂದ, ಟ್ರಿಗರ್ ಸ್ವಲ್ಪವೇ ಎಳೆದು ಒಂದು ಗೆರೆ ಹೊಡೆದು, ದೀಪದ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಗೆರೆಯ ಅಂಚಿನಲ್ಲಿ ಬಿಡಿಬಿಡಿ ಚುಕ್ಕೆಗಳು ಕಂಡರೆ ಒತ್ತಡ ಮುಟ್ಟಬೇಡಿ, 2 ಹನಿ ಥಿನ್ನರ್ ಹಾಕಿ. ಮತ್ತೆ ಗೆರೆ, ಮತ್ತೆ 2 ಹನಿ. ಚುಕ್ಕೆ ಹೋಗಿ ಅಂಚು ಮೃದುವಾದ ಕಡೆ ನಿಲ್ಲಿಸಿ. ಈಗ ಒತ್ತಡವನ್ನು 2 ಪಿಎಸ್‌ಐನಂತೆ ಇಳಿಸುತ್ತಾ ಹೋಗಿ. ಒಂದು ಹಂತದಲ್ಲಿ ಚುಕ್ಕೆ ಮರಳಿ ಬರುತ್ತದೆ, ಅಲ್ಲಿಂದ 2 ಮೇಲೇರಿಸಿ. ಆ ಪೇಂಟಿಗೆ, ಆ ನಾಝಲ್‌ಗೆ, ನಿಮ್ಮ ಗೇಜಿಗೆ ಅದೇ ಅಂಕಿ; ಹನಿಯ ಲೆಕ್ಕದ ಜೊತೆ ಬಾಟಲಿ ಮುಚ್ಚಳದ ಮೇಲೆ ಬರೆದಿಡಿ. 20 ಹನಿ ಥಿನ್ನರ್ ದಾಟಿದರೂ ಚುಕ್ಕೆ ಹೋಗದಿದ್ದರೆ ಥಿನ್ನರ್ ನಿಲ್ಲಿಸಿ, ಆಗ ಮಾತ್ರ ಒತ್ತಡ ಏರಿಸಿ.

ಎರಡನೇ ಮಹಾಯುದ್ಧದ ಜರ್ಮನ್ ವಿಮಾನಗಳ ಮೈಮೇಲಿನ ಮಚ್ಚೆಗಳನ್ನ 1/72ರಲ್ಲಿ ಹೊಡೆಯೋಕೆ ಏನು ಸೆಟ್ಟಿಂಗ್?

ಲ್ಯಾಕರ್ ಅಥವಾ ಲೆವೆಲಿಂಗ್ ಥಿನ್ನರ್‌ನಲ್ಲಿನ ಟಮಿಯಾ 1:3, ಒತ್ತಡ 8-10, ದೂರ 1-2 ಸೆಂ.ಮೀ., ಮುಂದಿನ ಸೂಜಿ ಕವಚ ತೆಗೆದು. ಇಷ್ಟು ತೆಳು ಪೇಂಟ್ ಒಂದು ಸಲಕ್ಕೆ ಮುಚ್ಚುವುದಿಲ್ಲ, ಮುಚ್ಚಬಾರದು ಕೂಡ. ಪ್ರತಿ ಮಚ್ಚೆಯನ್ನೂ ಮಸುಕಾಗಿ ಒಂದು ಸುತ್ತು ಹಾಕಿ, ಒಟ್ಟಾರೆ ಹಂಚಿಕೆ ನೋಡಿಕೊಂಡು, ಎರಡನೇ ಸುತ್ತಿನಲ್ಲಿ ಬೇಕಾದ ಕಡೆ ಗಾಢ ಮಾಡಿ. ಟ್ರಿಗರ್ ಹಿಂದಿನ ಸ್ಟಾಪ್ ಸ್ಕ್ರೂ ಇದ್ದರೆ ಕೂದಲೆಳೆಯಷ್ಟೇ ತೆರೆಯುವಂತೆ ಬಿಗಿಮಾಡಿ.

0.2 ನಾಝಲ್ ತಗೊಂಡರೆ ಗೆರೆ ಸಣ್ಣಗೆ ಬರುತ್ತೆ ಅಲ್ವಾ?

ಬರುತ್ತದೆ, ಆದರೆ ಅಂದುಕೊಂಡಷ್ಟಲ್ಲ. 0.3ರಲ್ಲೂ 1 ಮಿ.ಮೀ. ಗೆರೆ ಎಳೆಯಬಹುದು, ಅದು ಬರದಿದ್ದರೆ ತೊಂದರೆ ಹದದಲ್ಲಿ, ನಾಝಲ್‌ನಲ್ಲಲ್ಲ. 0.2ಕ್ಕೆ ಪೇಂಟ್ ಇನ್ನೂ ತೆಳುವಾಗಬೇಕು, ಸೋಸಬೇಕು, ನೀರಿನ ಅಕ್ರಿಲಿಕ್ ಪದೇ ಪದೇ ಕಟ್ಟುತ್ತದೆ.

ಬ್ರಶ್ ಕೆಳಗಿರೋ ಮ್ಯಾಕ್ ವಾಲ್ವ್ ಇದ್ದರೆ ರೆಗ್ಯುಲೇಟರ್ ಬೇಡವಾ?

ರೆಗ್ಯುಲೇಟರ್ ಬೇಕೇ ಬೇಕು. ಮ್ಯಾಕ್ ವಾಲ್ವ್ ಬರೀ ಹರಿವನ್ನು ಕಿರಿದಾಗಿಸುತ್ತದೆ, ಒತ್ತಡವನ್ನು ಅಳೆದು ಕಾಯುವುದಿಲ್ಲ. ರೆಗ್ಯುಲೇಟರ್ 18ಕ್ಕೆ ಇಟ್ಟು, ಸಣ್ಣ ಕೆಲಸ ಬಂದಾಗ ಮ್ಯಾಕ್ ವಾಲ್ವ್ ಮುಚ್ಚುತ್ತಾ ಚಮಚದ ಮೇಲೆ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಕಂಪ್ರೆಸರ್ ಬಳಿಗೆ ಎದ್ದು ಹೋಗುವುದು ತಪ್ಪುತ್ತದೆ.

ಬಿಳಿ, ಹಳದಿ ಎಷ್ಟು ಹೊಡೆದರೂ ಮುಚ್ಚಲ್ಲ. ಕಡಿಮೆ ತೆಳು ಮಾಡಲಾ?

ಬೇಡ. ದಪ್ಪ ಬಿಳಿ ಚುಕ್ಕೆಯಾಗಿ ಬೀಳುತ್ತದೆ, ಮೂಲೆಗಳಲ್ಲಿ ತುಂಬಿಕೊಳ್ಳುತ್ತದೆ. ಹದ ಅದೇ ಇರಲಿ, ಕೆಳಗಿನ ಬಣ್ಣ ಬದಲಿಸಿ. ಹಳದಿಗೂ ಕೆಂಪಿಗೂ ಕೆಳಗೆ ಬಿಳಿ ಅಥವಾ ತಿಳಿ ಗುಲಾಬಿ, ಬಿಳಿಗೆ ಕೆಳಗೆ ತಿಳಿಬೂದು ಇಲ್ಲವೇ ಬಿಳಿ ಪ್ರೈಮರ್. ಕಪ್ಪು ಪ್ರೈಮರ್ ಮೇಲೆ ಹಳದಿ ಹೊಡೆಯಲು ಹೊರಟವರಿಗೆ ಯಾವ ಅನುಪಾತವೂ ನೆರವಾಗದು.

ಲೋಹದ ಬಣ್ಣಗಳಿಗೆ ಒತ್ತಡ ಎಷ್ಟು? ಕಪ್ಪಲ್ಲೇ ತಳಕ್ಕೆ ಕೂರುತ್ತೆ.

12-15, ತೀರಾ ತೆಳು ಪದರಗಳಲ್ಲಿ. ಒದ್ದೆಯಾಗಿ ಹೊಡೆದರೆ ಲೋಹದ ಪುಡಿ ತೇಲಿ ಒಂದೆಡೆ ಸೇರಿ ಕಲೆಕಲೆಯಾಗುತ್ತದೆ. ಪುಡಿ ಭಾರವಾದ್ದರಿಂದ ಕಪ್ಪಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ನಿಮಿಷಕ್ಕೊಮ್ಮೆ ಕೈ ಬ್ರಶ್ ತುದಿಯಿಂದ ಕಲಕಿ. ನಾಝಲ್ 0.3ಕ್ಕಿಂತ ಕಡಿಮೆ ಬೇಡ. ಆಲ್‌ಕ್ಲ್ಯಾಡ್‌ನ ಹೊಳೆಯುವ ಕ್ರೋಮ್ ತರಹದವುಗಳ ಕೆಳಗೆ ಹೊಳಪಿನ ಕಪ್ಪು ಇರಬೇಕು, ಪೂರ್ತಿ ಒಣಗಿರಬೇಕು.

ಡಿಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತು, ಚಿತ್ರ) ಮೇಲೆ ಕ್ಲಿಯರ್ ವಾರ್ನಿಷ್ ಹೊಡೆದೆ, ಡಿಕಾಲ್ ಸುಕ್ಕಾಯ್ತು.

ಲ್ಯಾಕರ್ ಕ್ಲಿಯರ್ ಒದ್ದೆಯಾಗಿ ಬಿದ್ದಾಗ ಅದರ ದ್ರಾವಕ ಡಿಕಾಲ್‌ನ ಪದರವನ್ನು ತಿನ್ನುತ್ತದೆ. ಡಿಕಾಲ್ ಹಾಕಿ ಒಂದು ದಿನ ಒಣಗಲು ಬಿಡಿ. ಟಮಿಯಾ ಎಕ್ಸ್-22 ಕ್ಲಿಯರ್ ಆದರೆ ಲೆವೆಲಿಂಗ್ ಥಿನ್ನರ್‌ನಲ್ಲಿ 1:1, 15 ಪಿಎಸ್‌ಐ. ಮೊದಲ ಎರಡು ಪದರ 12 ಸೆಂ.ಮೀ. ದೂರದಿಂದ ಬರೀ ಮಂಜು. ಅವೇ ಡಿಕಾಲ್‌ಗೆ ಕವಚ. 15 ನಿಮಿಷ ಬಿಟ್ಟು, ಹತ್ತಿರದಿಂದ ಒದ್ದೆ ಪದರ. ಕೊನೆಯ ಪದರಕ್ಕೆ 1:2 ಮಾಡಿ 12ಕ್ಕೆ ಇಳಿಸಿದರೆ ಕ್ಲಿಯರ್ ಚೆನ್ನಾಗಿ ಹರಡಿ ನುಣುಪಾಗುತ್ತದೆ. ನೇರ ನಿಂತ ಮೈಯಲ್ಲಿ ಮಾತ್ರ ಇಳಿಯುವ ಭಯವಿದೆ, ಮಾಡೆಲನ್ನು ಆದಷ್ಟು ಮಲಗಿಸಿ ಹೊಡೆಯಿರಿ.

ತೆಳು ಮಾಡಿ ಉಳಿದ ಪೇಂಟನ್ನು ಎತ್ತಿಡಬಹುದಾ?

ಲ್ಯಾಕರ್, ಎನಾಮೆಲ್ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇರುತ್ತವೆ, ಬಳಸುವ ಮುಂಚೆ ಚೆನ್ನಾಗಿ ಕಲಕಿ ಹದ ನೋಡಿ. ನೀರಿನ ಅಕ್ರಿಲಿಕ್ ತೆಳು ಮಾಡಿದ ಮೇಲೆ ಒಂದೆರಡು ದಿನ ಇಟ್ಟರೆ ಗಂಟು ಕಟ್ಟುವ ಸಂಭವ ಹೆಚ್ಚು, ಬೇಕಾದಷ್ಟೇ ಕಲಸಿ. ಯಾವುದನ್ನೇ ಆಗಲಿ ಮೂಲ ಬಾಟಲಿಗೆ ವಾಪಸ್ ಸುರಿಯಬೇಡಿ. ಎತ್ತಿಟ್ಟದ್ದನ್ನು ಮತ್ತೆ ಬಳಸುವಾಗ ನುಣುಪು ಜಾಲರಿಯಲ್ಲಿ ಸೋಸಿ ಕಪ್ಪಿಗೆ ಹಾಕಿ, ಬಾಟಲಿ ಅಂಚಿನಲ್ಲಿ ಒಣಗಿದ ಒಂದೇ ಒಂದು ಚೂರು ನಾಝಲ್ ಕಟ್ಟಲು ಸಾಕು.